ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವ ಮಗಳು

ಪ್ರಶ್ನೆ: ನಾವಿರುವುದು ಡೊಂಬಿವಲಿಯಲ್ಲಿ, ಊರು ಕುಂದಾಪುರದ ಕಡೆ. ಮಗಳಿಗೆ 19 ವರ್ಷ, ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದೆ, ಕಲಿಕೆ ನಿಧಾನ. ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಓಪನ್ ಸ್ಕೂಲಿನಲ್ಲಿ ಹತ್ತನೇ ಕ್ಲಾಸ್ ಪಾಸಾಗಿದ್ದಾಳೆ. ಓರಗಿತ್ತಿಯ ಮಗಳು ಕಾಲೇಜಿಗೆ ಹೊರಟರೆ ಸಾಕು, ಇವಳೂ ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ಅಮೆರಿಕದಲ್ಲಿರುವ ನನ್ನ ಅಣ್ಣ, ಅಲ್ಲಿ ಇಂಥ ಮಕ್ಕಳಿಗೂ ಯೂನಿವರ್ಸಿಟಿ ಇದೆ, ಕಳಿಸು ಎನ್ನುತ್ತಾನೆ. ಫ್ಲ್ಯಾಟ್ ಅಡವಿಟ್ಟು ಕಳಿಸೋಣವೇ ಅನಿಸುತ್ತಿದೆ. ಅತ್ತೆಗೆ ಅವಳು ಮನೆಯಲ್ಲೇ ಇರಬೇಕು. ಹೋಟೆಲಿನಲ್ಲಿ ಕ್ಯಾಷಿಯರ್ ಆಗಿರುವ ಗಂಡ ಬಾಯಿ ಬಿಡುವುದಿಲ್ಲ. ಏನು ಮಾಡಲಿ?

ಉತ್ತರ: ತಂಗೀ, ನಿಮ್ಮ ಪತ್ರ ಮೂರು ಸಲ ಓದಿದೆ. ಅಣ್ಣ ಏನಂದರು, ಅತ್ತೆ ಏನಂದರು ಎಲ್ಲ ಇದೆ. ಮಗಳು ಏನಂದಳು ಅನ್ನೋದು ಒಂದು ಸಾಲೂ ಇಲ್ಲ. ಇವತ್ತು ರಾತ್ರಿ ಊಟ ಆದಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಕಾಲೇಜಿಗೆ ಹೋಗಿ ಏನು ಮಾಡ್ತೀಯಾ ಅಂತ. ಅವಳಿಗೆ ಬೇಕಾಗಿರುವುದು ಪಾಠವೋ, ಕ್ಯಾಂಟೀನೋ, ಗೆಳತಿಯರೋ, ಅಥವಾ ಅಕ್ಕನ ಹಾಗೆ ಬೆಳಿಗ್ಗೆ ಮನೆಯಿಂದ ಹೊರಡುವುದೋ? ಮುಂದಿನದೆಲ್ಲ ಆ ಉತ್ತರದ ಮೇಲೆ ನಿಂತಿದೆ.

ಅಣ್ಣ ಹೇಳಿದ್ದು ನಿಜ. ಅಮೆರಿಕದಲ್ಲಿ ಇಂಥ ಕೋರ್ಸುಗಳು ಮುನ್ನೂರಕ್ಕಿಂತ ಜಾಸ್ತಿ ಇವೆ. ಕೆನಡಾದ ಅಲ್ಬರ್ಟಾ ಯೂನಿವರ್ಸಿಟಿಯಲ್ಲಿ ಇದು 1987ರಲ್ಲೇ ಶುರುವಾಗಿತ್ತು. ಆದರೆ ಹೆಚ್ಚಿನ ಕಡೆ ಕೊನೆಗೆ ಕೈಗೆ ಬರುವುದು ಸರ್ಟಿಫಿಕೇಟ್, ಡಿಗ್ರಿ ಅಲ್ಲ. 2008ರ ಕಾನೂನಿನ ನಂತರ ಈ ವಿದ್ಯಾರ್ಥಿಗಳಿಗೂ ಅಲ್ಲಿನ ಸರ್ಕಾರದ ಹಣಸಹಾಯ ಸಿಗುತ್ತಿದೆ, ನಿಜ, ಆದರೆ ಅದು ಅಲ್ಲಿನ ಪ್ರಜೆಗಳಿಗೆ ಮತ್ತು ಅಲ್ಲೇ ಕಾಯಂ ನೆಲೆಸಿದವರಂಥವರಿಗೆ. ನಿಮ್ಮ ಮಗಳು ಹೋದರೆ ಪೂರ್ತಿ ಖರ್ಚು ನಿಮ್ಮದೇ. ದಯವಿಟ್ಟು ಫ್ಲ್ಯಾಟ್ ಅಡವಿಡಬೇಡಿ. ನಿಮ್ಮ ನಂತರ ಅವಳ ತಲೆ ಮೇಲೆ ಇರುವ ಸೂರು ಅದೇ ಅಲ್ವಾ?

ಆ ಕೋರ್ಸುಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಬೇರೆಯೇ. ಅಲ್ಲಿ ಅವಳ ವಯಸ್ಸಿನ ಒಬ್ಬ ವಿದ್ಯಾರ್ಥಿನಿ ಜೊತೆಗಿದ್ದು ಕ್ಲಾಸ್ ಎಲ್ಲಿ, ಲೈಬ್ರರಿ ಎಲ್ಲಿ ಅಂತ ತೋರಿಸುತ್ತಾಳೆ, ಇಷ್ಟದ ಒಂದೆರಡು ಕ್ಲಾಸಿನಲ್ಲಿ ಎಲ್ಲರ ನಡುವೆ ಕೂರಬಹುದು, ಉಳಿದ ಹೊತ್ತು ಒಂದು ಕೆಲಸ ಕಲಿಯುವುದು, ದುಡ್ಡು ಎಣಿಸುವುದು, ಬಸ್ ಹಿಡಿಯುವುದು. ಇದರಲ್ಲಿ ಎಷ್ಟೋ ಭಾಗವನ್ನು ಇಲ್ಲೇ ಕಟ್ಟಬಹುದು.

ಓಪನ್ ಸ್ಕೂಲಿನಲ್ಲೇ ಹನ್ನೆರಡನೆಯದಕ್ಕೆ ಸೇರಿಸಿ. ಪಾಸಾಗಲು ಐದು ವರ್ಷದೊಳಗೆ ಒಂಬತ್ತು ಅವಕಾಶ ಇರುತ್ತದೆ, ಒಂದೊಂದೇ ವಿಷಯ ಮುಗಿಸಿದರೂ ನಡೆಯುತ್ತದೆ, ಅವಸರ ಬೇಡ. ಅದು ಪಾಸಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ 5% ಸೀಟು ಮೀಸಲಿದೆ. ಬೌದ್ಧಿಕ ಅಂಗವೈಕಲ್ಯವೂ ಅದರಲ್ಲಿ ಸೇರಿದೆ, ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ಅದರ ಪ್ರಮಾಣ 40% ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸದಿದ್ದರೆ ಮೊದಲು ಅದನ್ನು ಮಾಡಿಸಿ. ಪುಸ್ತಕ ಅವಳಿಗೆ ಬೇಡವೇ ಬೇಡ ಅಂದರೆ ಒತ್ತಾಯ ಮಾಡಬೇಡಿ. ಮುಂಬೈಯ ಶಿವ್ಡಿಯಲ್ಲಿ ಇಂಥ ಮಕ್ಕಳಿಗಾಗಿಯೇ ಇರುವ, 1944ರಲ್ಲಿ ಶುರುವಾದ ಜೈ ವಕೀಲ್ ಸಂಸ್ಥೆಗೆ ಒಂದು ದಿನ ಹೋಗಿ ಬನ್ನಿ, ದೊಡ್ಡವರಾದ ಮಕ್ಕಳಿಗೆ ಕೆಲಸ ಕಲಿಸುತ್ತಾರೆ. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನ್ ಹಿಡಿಯಬೇಕು. ಅವಳನ್ನೂ ಕರೆದುಕೊಂಡೇ ಹೋಗಿ, ಟಿಕೆಟ್ ಅವಳ ಕೈಯಲ್ಲೇ ತೆಗೆಸಿ. ಗದ್ದಲ ಕಡಿಮೆ ಇರುವ ಮಧ್ಯಾಹ್ನದ ಹೊತ್ತು, ಅಂಗವಿಕಲರ ಡಬ್ಬಿಯಲ್ಲಿ. ಅದೇ ಅವಳ ಮೊದಲ ಕ್ಲಾಸ್ ಅಂದುಕೊಳ್ಳಿ.

ಓರಗಿತ್ತಿಯ ಮಗಳ ಹತ್ತಿರವೂ ಮಾತಾಡಿ. ತಿಂಗಳಿಗೊಂದು ಶನಿವಾರ ತಂಗಿಯನ್ನು ಗೆಳತಿಯರ ಜೊತೆ ಕರೆದೊಯ್ಯಲು ಆಗುತ್ತಾ ಅಂತ ಕೇಳಿ. ಆಗಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಅವಳೂ ಚಿಕ್ಕವಳು.

ಅತ್ತೆಯ ಮೇಲೆ ಸಿಟ್ಟಾಗಬೇಡಿ. ಮೊಮ್ಮಗಳನ್ನು ಯಾರಾದರೂ ನೋಡಿ ನಕ್ಕರೆ ತಡೆಯಲಾರೆ ಎಂಬ ಭಯ ಅವರಿಗೆ ಇರಬಹುದು. ಶಿವ್ಡಿಗೆ ಅವರನ್ನೂ ಕರೆದುಕೊಂಡು ಹೋಗಿ. ಇನ್ನು ನಿಮ್ಮ ಯಜಮಾನರು. ಸುಮ್ನೆ ಇರುವವರಿಗೂ ಒಂದು ಕೆಲಸ ಕೊಡಬೇಕು. ದಿನಾ ಗಲ್ಲಾದಲ್ಲಿ ಕೂತು ನೋಟು ಎಣಿಸುವವರು ಅವರು. ರಾತ್ರಿ ಹತ್ತು ನಿಮಿಷ ಮಗಳಿಗೆ ಚಿಲ್ಲರೆ ಎಣಿಸಲು ಅವರಿಗಿಂತ ಚೆನ್ನಾಗಿ ಯಾರು ಕಲಿಸುತ್ತಾರೆ?

ಅವಳು ಏನಂದಳು ಅನ್ನೋದನ್ನು ಅವಳದೇ ಮಾತಿನಲ್ಲಿ ನನಗೆ ಬರೆಯಿರಿ, ಕಾಯ್ತಿರ್ತೇನೆ.