ಮಳೆ ರಾತ್ರಿ ರಸ್ತೆಯಲ್ಲಿ ಸಾಯುವ ಕಪ್ಪೆ, ಹಾವು
ತೋಟದ ಮುಂದಿನ ರಸ್ತೆಯಲ್ಲಿ ಮಳೆ ರಾತ್ರಿ ಕಪ್ಪೆ, ಹಾವುಗಳು ಗಾಡಿಗಳಿಗೆ ಸಿಕ್ಕಿ ಸಾಯುತ್ತಿವೆ, ಏನು ಮಾಡಬಹುದು ಅಂತ ಕೇಳಿದ್ದೀರಿ. ಮೊದಲ ಮಳೆ ಬಿದ್ದ ರಾತ್ರಿಗಳಲ್ಲೇ ಇಷ್ಟೊಂದು ಕಪ್ಪೆ ಸಾಯುತ್ತಿವೆ ಅಂದರೆ, ಅವು ಮೊಟ್ಟೆಯಿಡಲು ಕಾಡಿನಿಂದ ಗದ್ದೆ ನೀರಿಗೆ ದಾಟುತ್ತಿರಬೇಕು. ಹಾವುಗಳು ಬಹುಶಃ ಅವನ್ನು ತಿನ್ನಲು ಬರುತ್ತಿವೆ.

ಮೊದಲು ನಾಲ್ಕೈದು ದಿನ ಬೆಳಕು ಹರಿಯುತ್ತಲೇ, ಕಾಗೆಗಳು ಎತ್ತಿಕೊಂಡು ಹೋಗುವ ಮುಂಚೆ, ಸತ್ತವನ್ನು ಎಣಿಸಿ. ಮೊಬೈಲಿನಲ್ಲಿ ಜಾಗ ಗುರುತಿಸಿ. ನಮ್ಮಲ್ಲಿ ಹೆಚ್ಚಿನವು ಒಂದೇ ತಿರುವಿನಲ್ಲಿ ಸಿಕ್ಕಿದ್ದವು. ಆಮೇಲೆ ಅಲ್ಲಿನ ಮೋರಿಯ ಹೂಳು ತೆಗೆಸಿ, ಪಂಚಾಯಿತಿಗೆ ಹೇಳಿ ರಸ್ತೆ ಅಂಚಿಗೆ ಮೊಣಕಾಲೆತ್ತರ ಟಾರ್ಪಾಲ್ ಕಟ್ಟಿ ಮೋರಿ ಬಾಯಿಯ ಕಡೆಗೆ ತಿರುಗಿಸಿ, ಆಗ ಅವು ರಸ್ತೆಯ ಅಡಿಯಿಂದಲೇ ದಾಟಬಹುದು. ಅಡಿ ಅಂಚನ್ನು ಮಣ್ಣಲ್ಲಿ ಹೂಳಿ. ಬಲೆ ಮಾತ್ರ ಬೇಡ, ಹಾವು ಸಿಕ್ಕಿಕೊಳ್ಳುತ್ತದೆ. ಮರಗಪ್ಪೆಗಳು ಹೇಗೂ ಹತ್ತಿ ದಾಟುತ್ತವೆ, ಅವಕ್ಕೆ ಇದು ಸಾಲದು.

ಹಂಪ್ ಹಾಕಿದರೆ ಗಾಡಿ ನಿಧಾನವಾಗಿ ಹಾವಿಗೆ ಅನುಕೂಲ, ಆದರೆ ಪುಟ್ಟ ಕಪ್ಪೆ ನಿಧಾನದ ಕಾರಿಗೂ ಕಾಣುವುದಿಲ್ಲ. ಬಂಡೀಪುರದ ಹಾಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ ಹಳ್ಳಿ ರಸ್ತೆಗೆ ಆಗದ ಮಾತು. ಜೋರು ಮಳೆಯ ರಾತ್ರಿ ಗಾಡಿ ತೆಗೆಯಬೇಡಿ ಅಂತ ಊರಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿಕೊಳ್ಳಿ.