ಬ್ರಸೆಲ್ಸ್ ಸ್ಪ್ರೌಟ್ಸ್ ಗಟ್ಟಿಯಾಗದೆ ಅರಳಿಕೊಳ್ಳುವುದೇಕೆ?

ಅಕ್ಕಾ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಇಂಗ್ಲೆಂಡಿನ ಕವೆಂಟ್ರಿಯ ಹಿತ್ತಲು, ಗಿಡ ಸೊಂಟದೆತ್ತರ, ಎಲೆ ಕಡುಹಸಿರು. ಆದರೂ ನವೆಂಬರ್ ಹೊತ್ತಿಗೆ ಕಾಂಡಕ್ಕೆ ಅಂಟಿಕೊಂಡ ಕೆಳಗಿನ ಮರಿಕೋಸುಗಳು, ಅಂದರೆ ಸ್ಪ್ರೌಟ್ಸ್, ಗುಂಡಗಾಗದೆ ಗುಲಾಬಿಯ ಹಾಗೆ ಬಿಚ್ಚಿಕೊಂಡಿವೆ. ನೆಡುವ ಮುಂಚೆ ಪಾತಿಯನ್ನು ಎರಡು ಸಲ ಅಗೆದು ಹುಡಿ ಮಾಡಿದಿರಿ, ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಕೋಳಿಗೊಬ್ಬರ ಕೊಟ್ಟಿರಿ. ಎರಡೂ ಈ ಬೆಳೆಗೆ ಆಗಿಬರುವುದಿಲ್ಲ.

ಮೂಲಂಗಿ, ಕ್ಯಾರೆಟ್ ಬೆಳೆದು ಅಭ್ಯಾಸವಿದ್ದವರಿಗೆ ಮಣ್ಣು ಸಡಿಲವಿದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಆದರೆ ಬ್ರಸೆಲ್ಸ್ ಸ್ಪ್ರೌಟ್ಸ್‌ಗೆ ಬೇಕಾದ್ದು ಗಟ್ಟಿ ನೆಲ. ಗಿಡದ ತಲೆ ಭಾರ, ಬೇರು ಅಷ್ಟೇನೂ ಆಳಕ್ಕೆ ಹೋಗುವುದಿಲ್ಲ. ಗಾಳಿಗೆ ಬುಡ ಅಲುಗಾಡಿದಂತೆಲ್ಲ ಎಳೆಬೇರು ಹರಿಯುತ್ತದೆ, ಮರಿಕೋಸು ಸಡಿಲವಾಗುತ್ತದೆ. ಹಿಂದಿನ ಅಕ್ಟೋಬರ್-ನವೆಂಬರಿನಲ್ಲೇ ಗೊಬ್ಬರ ಸೇರಿಸಿ ಅಗೆದು, ಚಳಿಗಾಲವಿಡೀ ಮಣ್ಣು ತಾನಾಗಿ ಕೂರಲು ಬಿಡಿ. ವಸಂತದಲ್ಲಿ ಮತ್ತೆ ಗುದ್ದಲಿ ಹಾಕಬೇಡಿ. ಕಳೆ ಕಿತ್ತು, ಕಾಲಿನಿಂದ ತುಳಿದು, ಮೇಲ್ಮಣ್ಣನ್ನಷ್ಟೇ ಕೆರೆದರೆ ಸಾಕು. ಸಸಿ ನೆಟ್ಟ ಮೇಲೆ ಒಂದು ಎಲೆಯ ತುದಿ ಹಿಡಿದು ಎಳೆದು ನೋಡಿ: ಎಲೆ ಹರಿಯಬೇಕು, ಸಸಿ ಅಲುಗಬಾರದು.

ಗೊಬ್ಬರದ ವಿಷಯ. ಸಾರಜನಕ ಜುಲೈ ಒಳಗೆ ಮುಗಿಯಬೇಕು. ಒಣ ಕೋಳಿಗೊಬ್ಬರದ ಗುಳಿಗೆಯಾದರೆ ಚದರ ಮೀಟರಿಗೆ 150 ಗ್ರಾಂ, ಆ ಒಂದೇ ಸಲ. ಆಮೇಲೆ ಕೊಟ್ಟದ್ದು ಎಲೆಗೆ ಹೋಗುತ್ತದೆ, ಮರಿಕೋಸು ಮೆತ್ತಗೆ ಊದಿಕೊಳ್ಳುತ್ತದೆ.

ಈಗ ಮಾಡಬೇಕಾದ್ದು: ಅರಳಿದವು ಮತ್ತೆ ಮುಚ್ಚಿಕೊಳ್ಳುವುದಿಲ್ಲ, ಬಿಟ್ಟರೆ ಒಳಗೆ ನೀರು ನಿಂತು ಕೊಳೆಯುತ್ತವೆ. ಕಿತ್ತು ಎಲೆಕೋಸಿನ ಹಾಗೆ ಹೆಚ್ಚಿ ಬಳಸಿ. ಹಳದಿಯಾದ ಕೆಳಗಿನ ಎಲೆ ತೆಗೆಯಿರಿ. ಬುಡಕ್ಕೆ ಒಂದು ಗೇಣು ಮಣ್ಣೇರಿಸಿ ತುಳಿದು, ಪಕ್ಕಕ್ಕೆ ಗಟ್ಟಿ ಗೂಟ ಹೊಡೆದು ಎರಡು ಕಡೆ ಕಟ್ಟಿ. ಕಾಂಡದ ಮೇಲ್ಭಾಗದಲ್ಲಿ ಇನ್ನೂ ಬಟಾಣಿಯಷ್ಟಿರುವವು ಚಳಿಯಲ್ಲಿ ಬಿಗಿಯಾಗುವ ಸಾಧ್ಯತೆ ಇದೆ.

ಮುಂದಿನ ಸಲಕ್ಕೆ ಎಫ್1 (ಎರಡು ತಳಿ ಕೂಡಿಸಿ ಪಡೆದ ಮೊದಲ ತಲೆಮಾರಿನ ಮಿಶ್ರತಳಿ) ಬೀಜವನ್ನೇ ತನ್ನಿ. ಹಳೆಯ ತಳಿಗಳಿಗಿಂತ ಇವು ಹೆಚ್ಚು ಬಿಗಿಯಾಗಿ, ಒಂದೇ ಸಮನಾಗಿ ಕಟ್ಟುತ್ತವೆ. ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದೊಳಗೆ ಟ್ರೇಯಲ್ಲಿ 2 ಸೆಂ.ಮೀ. ಆಳಕ್ಕೆ ಬಿತ್ತಿ. ಸಸಿ 10–15 ಸೆಂ.ಮೀ. ಆದಾಗ, ಅಂದರೆ ಮೇ ಮಧ್ಯದಿಂದ ಜೂನ್ ಮೊದಲ ವಾರದೊಳಗೆ, ಕೆಳಗಿನ ಎಲೆಯ ಮಟ್ಟಕ್ಕೆ ಹೂತು ನೆಡಿ. ಗಿಡದಿಂದ ಗಿಡಕ್ಕೆ 60 ಸೆಂ.ಮೀ., ಸಾಲಿಗೆ 75. ಸಸಿ ಪುಟ್ಟದಿರುವಾಗ ಇಷ್ಟು ಜಾಗ ದಂಡ ಅನ್ನಿಸಿ ನಡುವೆ ಇನ್ನೊಂದು ತುರುಕುವ ಆಸೆ ಬರುತ್ತದೆ, ಬೇಡ. ಮಧ್ಯದಲ್ಲಿ ಸೊಪ್ಪು ಬಿತ್ತಿಕೊಳ್ಳಿ.

ಸಸಿ ನೆಟ್ಟ ದಿನವೇ ಬಲೆ ಹಾಕಬೇಕು. ಪಾರಿವಾಳ ಎಲೆಯನ್ನು ದಂಟು ಮಾತ್ರ ಉಳಿಯುವಂತೆ ಹರಿದು ತಿನ್ನುತ್ತದೆ. ಬಿಳಿ ಚಿಟ್ಟೆ ಎಲೆಯಡಿ ಹಳದಿ ಮೊಟ್ಟೆ ಗುಂಪುಗುಂಪಾಗಿ ಇಡುತ್ತದೆ. ಬಲೆಯ ಕಣ್ಣು 7 ಮಿ.ಮೀ.ಗಿಂತ ದೊಡ್ಡದಿರಬಾರದು, ಬಲೆ ಎಲೆಗೆ ತಗುಲಲೂಬಾರದು, ತಗುಲಿದ ಕಡೆ ಚಿಟ್ಟೆ ಹೊರಗಿನಿಂದಲೇ ಮೊಟ್ಟೆ ಇಡುತ್ತದೆ. ಬೂದಿ ಬಳಿದಂತೆ ಕಾಣುವ ಸಸ್ಯಹೇನು ಮರಿಕೋಸಿನ ಒಳಗೇ ಸೇರಿಕೊಂಡರೆ ತೊಳೆದರೂ ಹೋಗುವುದಿಲ್ಲ. ಆಗಸ್ಟಿನಿಂದಲೇ ಎಲೆ ಮಗುಚಿ ನೋಡಿ, ಕಂಡಲ್ಲೇ ಬೆರಳಲ್ಲಿ ಉಜ್ಜಿಬಿಡಿ.

ಚೆನ್ನಾಗಿದ್ದ ಗಿಡ ಮಧ್ಯಾಹ್ನ ಬಾಡುತ್ತಿದ್ದರೆ ಒಂದನ್ನು ಕಿತ್ತು ಬೇರು ನೋಡಿ. ಗಂಟುಗಂಟಾಗಿ ಊದಿದ್ದರೆ ಅದು ಕ್ಲಬ್‌ರೂಟ್ ಎಂಬ ಬೇರುರೋಗ. ಮಣ್ಣಲ್ಲಿ ಹೊಕ್ಕರೆ 20 ವರ್ಷದವರೆಗೂ ಇರಬಲ್ಲದು. ಸುಣ್ಣ ಹಾಕಿ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7ರ ಮೇಲೆ ತಂದರೆ ಹಾವಳಿ ಕಡಿಮೆಯಾಗುತ್ತದೆ, ಅಷ್ಟೆ. ಅಂಥ ನೆಲಕ್ಕೆ ‘ಕ್ರಿಸ್ಪಸ್’ ತಳಿ ನೋಡಿ, ರೋಗ ತಡೆಯುವ ಗುಣ ಅದಕ್ಕಿದೆ.

ಕೊಯ್ಲು ಕೆಳಗಿನಿಂದ ಮೇಲಕ್ಕೆ. 2.5–3 ಸೆಂ.ಮೀ. ಆಗಿ, ಒತ್ತಿದರೆ ಗಟ್ಟಿಯಿದ್ದಾಗ ಕೆಳಕ್ಕೆ ಬಾಗಿಸಿದರೆ ಟಕ್ಕನೆ ಮುರಿಯುತ್ತದೆ. ಒಂದೆರಡು ಸಲ ಇಬ್ಬನಿ ಹೆಪ್ಪುಗಟ್ಟುವ ಚಳಿ ಬಿದ್ದ ಮೇಲೆ ಕಿತ್ತರೆ ಸಿಹಿ ಜಾಸ್ತಿ, ಗಿಡ ಚಳಿ ತಡೆಯಲು ಸಕ್ಕರೆ ಕೂಡಿಸಿಕೊಳ್ಳುತ್ತದೆ. ತುದಿಯ ಸೊಪ್ಪನ್ನು ಕೊನೆಗೆ ಕೊಯ್ದು ಪಲ್ಯ ಮಾಡಬಹುದು. ಕ್ರಿಸ್ಮಸ್ ರಜೆಗೆ ಊರಿಗೆ ಹೊರಟಿದ್ದರೆ ಇಡೀ ಕಾಂಡವನ್ನೇ ಕಡಿದು, ಬಕೆಟ್ ನೀರಲ್ಲಿ ತಣ್ಣನೆಯ ಶೆಡ್ಡಿನಲ್ಲಿ ನಿಲ್ಲಿಸಿ ಹೋಗಿ, ಬಿಡಿಯಾಗಿ ಕಿತ್ತಿಟ್ಟದ್ದಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಅಡುಗೆಯಲ್ಲಿ ಹೆಚ್ಚು ಬೇಯಿಸಿದರೆ ಗಂಧಕದ ವಾಸನೆ ಏಳುತ್ತದೆ. ಎರಡು ಹೋಳು ಮಾಡಿ ಸಾಸಿವೆ ಒಗ್ಗರಣೆಗೆ ಹಾಕಿ, ಐದಾರು ನಿಮಿಷಕ್ಕೆ ಇಳಿಸಿ.

ಇದೇ ಚರ್ಚೆಯಲ್ಲಿ ಬೆಂಗಳೂರಿನ ತಾರಸಿಯಲ್ಲಿ ಆಗುತ್ತದೆಯೇ ಎಂದು ಕೇಳಿದವರಿಗೆ: ಮರಿಕೋಸು ಚೆನ್ನಾಗಿ ಕಟ್ಟುವುದು 15–18 ಡಿಗ್ರಿಯಲ್ಲಿ, ಅದೂ ವಾರಗಟ್ಟಲೆ. ಊಟಿಯಲ್ಲಿ ಆಗುತ್ತದೆ. ಬೆಂಗಳೂರಿನ ಡಿಸೆಂಬರ್-ಜನವರಿಯಲ್ಲಿ ರಾತ್ರಿ ಆ ಚಳಿ ಸಿಕ್ಕರೂ ಹಗಲು ಏರಿಬಿಡುತ್ತದೆ. ಪ್ರಯತ್ನಿಸಲೇಬೇಕೆಂದಿದ್ದರೆ ಬೇಗ ಬರುವ ತಳಿಯನ್ನು ಆಗಸ್ಟಿನಲ್ಲಿ ಬಿತ್ತಿ, ಸೆಪ್ಟೆಂಬರಿನಲ್ಲಿ 20 ಲೀಟರಿನ ಕುಂಡಕ್ಕೆ ಒಂದೇ ಸಸಿ ನೆಡಿ. ಅದೇ ಕುಂಡದಲ್ಲಿ ನವಿಲುಕೋಸು ಹಾಕಿದರೆ ಎರಡು ತಿಂಗಳಿಗೆ ಸಾಂಬಾರಿಗಾಗುತ್ತದೆ.