ನಿಂತು ತಿಂದದ್ದೂ ಲೆಕ್ಕಕ್ಕೆ ಬರುತ್ತಾ?

(ತೂಕ ಇಳಿಸುವ ಆಪರೇಷನ್ ಆದ ಮೇಲೆ ಮತ್ತೆ ತೂಕ ಏರಿ, ನನ್ನ ಹತ್ತಿರ ಸಲಹೆಗೆ ಬಂದವರೊಬ್ಬರ ಕಥೆ ಇದು. ಗುರುತು ಸಿಗದಂತೆ ಊರು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

"ಮೇಡಂ, ನಾನು ಊಟ ಮಾಡೋದೇ ಇಷ್ಟು" ಎಂದು ಅವರು ಅಂಗೈ ಮಡಚಿ ತೋರಿಸಿದರು. ಸುಳ್ಳಲ್ಲ. ಒಂದು ಸೌಟು ಅನ್ನ, ಅದರ ಮೇಲೆ ಸಾರು, ಮುಗೀತು. ಆದರೂ ಮೂರು ವರ್ಷದಲ್ಲಿ 15 ಕಿಲೋ ವಾಪಸ್ ಬಂದಿತ್ತು.

ವಯಸ್ಸು 47. ಮಧ್ಯ ಕರ್ನಾಟಕದ ಒಂದು ಊರಿನಲ್ಲಿ ಹೈಸ್ಕೂಲ್ ಟೀಚರ್. ನನಗಿಂತ ದೊಡ್ಡವರು, ಹಾಗಾಗಿ ಅಕ್ಕ ಎನ್ನುತ್ತಿದ್ದೆ. ಇಲ್ಲೂ ಹಾಗೇ ಕರೆಯುತ್ತೇನೆ. ಆರು ವರ್ಷದ ಹಿಂದೆ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡಿದ್ದರು. ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲದಷ್ಟನ್ನು ಬೇರೆ ಮಾಡಿ, ಸಣ್ಣ ಕರುಳನ್ನು ಅದಕ್ಕೆ ಜೋಡಿಸುವ ಆಪರೇಷನ್ ಅದು. 116 ಕಿಲೋ ಇದ್ದವರು ಒಂದೂವರೆ ವರ್ಷದಲ್ಲಿ 73ಕ್ಕೆ ಇಳಿದಿದ್ದರು. ಶುಗರ್ ಮಾತ್ರೆ ನಿಂತಿತ್ತು. ನನ್ನ ಹತ್ತಿರ ಬಂದಾಗ 88.

ಈ ಆಪರೇಷನ್ ಆದವರ ತೂಕ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷದ ಹೊತ್ತಿಗೆ ತಳ ಮುಟ್ಟುತ್ತದೆ. ಆಮೇಲೆ ಸ್ವಲ್ಪ ಏರುವುದು ತುಂಬಾ ಜನರಿಗೆ ಆಗುವಂಥದ್ದೇ. ಮೊದಮೊದಲು ಕಾಣೆಯಾಗಿದ್ದ ಹಸಿವು ಮೆಲ್ಲಗೆ ಮರಳುತ್ತದೆ. ಅಕ್ಕನಿಗೆ ಇದನ್ನು ಯಾರೂ ಹೇಳಿರಲಿಲ್ಲವೋ, ತೂಕ ಇಳಿಯುತ್ತಿದ್ದ ಖುಷಿಯಲ್ಲಿ ಕಿವಿಗೆ ಬಿದ್ದಿರಲಿಲ್ಲವೋ ಗೊತ್ತಿಲ್ಲ. "ಅಷ್ಟು ದುಡ್ಡು ಹಾಕಿ ಮಾಡಿಸ್ಕೊಂಡು ಹಾಳು ಮಾಡ್ಕೊಂಡೆ" ಎಂಬ ನಾಚಿಕೆಯಲ್ಲಿ ಎರಡು ವರ್ಷದಿಂದ ಡಾಕ್ಟರ ಮುಖ ನೋಡಿರಲಿಲ್ಲ. ವಿಟಮಿನ್ ಮಾತ್ರೆಗಳನ್ನೂ ಬಿಟ್ಟಿದ್ದರು.

ಹಾಗಾಗಿ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದೆ. ಮಾತು ಆಮೇಲೆ ಆಡಬಹುದು. ಬೈಪಾಸ್ ಆದ ಮೇಲೆ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವೆಲ್ಲ ಊಟದಿಂದ ಸಾಕಷ್ಟು ಮೈಗೆ ಹತ್ತುವುದಿಲ್ಲ. ಮಾತ್ರೆ ಜೀವನಪೂರ್ತಿ ಬೇಕು. ಕೈ ಜುಮ್ಮೆನ್ನುವುದು, ಸುಸ್ತು, ಮಕ್ಕಳ ಮೇಲೆ ಸಿಡುಕು, ಎಲ್ಲವನ್ನೂ ಅವರು ವಯಸ್ಸಿನ ತಲೆಗೆ ಕಟ್ಟಿದ್ದರು. ಬಿ12 ತೀರಾ ಕಮ್ಮಿ ಇತ್ತು, ಹಿಮೋಗ್ಲೋಬಿನ್ 9. ಡಾಕ್ಟರು ಇಂಜೆಕ್ಷನ್ ಶುರು ಮಾಡಿದರು. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರ ಇರಲಿ, ಕಾಫಿ ಜೊತೆ ನುಂಗಬೇಡಿ ಎಂದೂ ಹೇಳಿ ಕಳಿಸಿದರು.

ಆಮೇಲೆ ನಾನೊಂದು ತಪ್ಪು ಮಾಡಿದೆ. ತಿಂದದ್ದನ್ನೆಲ್ಲ ಅಳತೆ ಸಮೇತ ಬರೆದು ತನ್ನಿ ಎಂದೆ. ಟೀಚರ್ ಅಲ್ವಾ, ಮಾರ್ಜಿನ್ ಬಿಟ್ಟು, ಕೆಂಪು ಗೆರೆ ಎಳೆದು ತಂದರು. ದಿನಕ್ಕೆ ಮೂರೇ ಊಟ, ಮಧ್ಯೆ ಒಂದು ಹಣ್ಣು. ನೂರಕ್ಕೆ ನೂರು ಕೊಡಬೇಕಾದ ಉತ್ತರ ಪತ್ರಿಕೆ! ಮುಂದಿನ ವಾರ ಪ್ರಶ್ನೆ ಬದಲಿಸಿದೆ. ಏನು, ಎಷ್ಟು ಅಂತ ಬೇಡ. ಬಾಯಿಗೆ ಏನಾದರೂ ಹೋದಾಗ ಒಂದು ಗೆರೆ ಹಾಕಿ. ಕೂತಿದ್ದರೆ ಅಡ್ಡ ಗೆರೆ, ನಿಂತಿದ್ದರೆ ಉದ್ದ ಗೆರೆ. ಒಂದೇ ದಿನಕ್ಕೆ ಹದಿಮೂರು ಗೆರೆ ಬಂತು. ಹತ್ತು ಉದ್ದ.

"ನಿಂತು ತಿಂದದ್ದೂ ಲೆಕ್ಕಕ್ಕೆ ಬರುತ್ತಾ ಮೇಡಂ?" ಎಂದು ಅವರೇ ನಕ್ಕುಬಿಟ್ಟರು.

ಸ್ಟಾಫ್ ರೂಮಿನ ಬಿಸ್ಕತ್ತು, ಖಾರ ಮಂಡಕ್ಕಿ, ಡಬ್ಬದ ಕೋಡುಬಳೆ. ಬಾಯಿ ಕಟ್ಟಿದರೆ ಆಯಿತು ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ಅಕ್ಕನಿಗೆ ಚಪಾತಿ, ಕಾಳುಪಲ್ಯ, ಪನೀರ್ ತಿಂದರೆ ಎದೆಯಲ್ಲಿ ಹಿಡಿದ ಹಾಗೆ ಆಗುತ್ತಿತ್ತು. ಎರಡು ಸಲ ವಾಂತಿಯೂ ಆಗಿತ್ತು. ಕೋಡುಬಳೆ ಹಾಗಲ್ಲ. ಬಾಯಲ್ಲೇ ಪುಡಿಯಾಗಿ ಸಲೀಸಾಗಿ ಇಳಿಯುತ್ತದೆ, ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ. ಅರ್ಧ ಗಂಟೆಗೆ ಇನ್ನೊಂದು ಬೇಕು. ಸಾರನ್ನವೂ ಅಷ್ಟೆ, ಜಾರಿ ಹೋಗುತ್ತದೆ. ಒಳ್ಳೆಯ ಊಟ ನೋಯಿಸುತ್ತದೆ, ಕುರುಕಲು ನೋಯಿಸಲ್ಲ ಎಂದು ಹೊಟ್ಟೆಯೇ ಆರು ವರ್ಷ ಪಾಠ ಹೇಳಿತ್ತು. ಅದರ ಮೇಲೆ ನಾನೊಂದು ಪಥ್ಯದ ಪಟ್ಟಿ ಕೊಟ್ಟು ಏನು ಮಾಡಲಿ?

ಹಿಡಿಯುವುದನ್ನು ಡಾಕ್ಟರಿಗೆ ಹೇಳಿಸಿದೆ. ಎಂಡೋಸ್ಕೋಪಿ ಮಾಡಿ ನೋಡಿದರು, ಒಳಗೆ ತೊಂದರೆ ಇರಲಿಲ್ಲ. ಇದ್ದದ್ದು ಆತುರ. ಬೆಲ್ ಹೊಡೆಯುವುದರೊಳಗೆ ಡಬ್ಬಿ ಖಾಲಿ ಮಾಡುವ ಇಪ್ಪತ್ತು ವರ್ಷದ ಅಭ್ಯಾಸ. ಆಹಾರ ತಜ್ಞೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಎಂದರು. ಮೊಟ್ಟೆ ತಿನ್ನದ ಮನೆ, ಅದೇನು ಸುಲಭವಲ್ಲ. ಒಂದು ಬಟ್ಟಲು ತೊವ್ವೆಯಲ್ಲಿ ಆರೇಳು ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18. ಅದಕ್ಕೇ ತಟ್ಟೆಯ ಕ್ರಮ ತಿರುಗಿಸಿದೆವು. ಮೊದಲು ಪುಡಿ ಮಾಡಿದ ಮೆತ್ತನೆ ಪನೀರ್, ಇಲ್ಲವೇ ಎರಡು ವಿಶಲ್ ಜಾಸ್ತಿ ಕೂಗಿಸಿದ ಉಸಲಿ. ಆಮೇಲೆ ತರಕಾರಿ. ಜಾಗ ಉಳಿದರೆ ಅನ್ನ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಚಿಕ್ಕ ಚಮಚ ಇರಲಿ, ಪ್ರತಿ ತುತ್ತಿಗೆ ಅದನ್ನು ಕೆಳಗಿಡಿ.

ಕೋಡುಬಳೆ ಡಬ್ಬವನ್ನು ಅಟ್ಟಕ್ಕೆ ಹಾಕಿ ಎಂದು ನಾನು ಹೇಳಲಿಲ್ಲ. ಎಲ್ಲರ ಮನೆಯಲ್ಲೂ ಸ್ಟೂಲ್ ಇರುತ್ತದೆ. ತಿನ್ನಿ, ಆದರೆ ತಟ್ಟೆಗೆ ಹಾಕಿಕೊಂಡು ಕೂತು ತಿನ್ನಿ ಎಂದೆ. ಮೂರು ವಾರ ಬಿಟ್ಟು ಬಂದು, "ಕೂತರೆ ಅಳು ಬರುತ್ತೆ ಮೇಡಂ" ಎಂದರು. ಸಂಜೆ ಐದರ ಹೊತ್ತು. ಮಗಳು ಬೆಂಗಳೂರಿನ ಹಾಸ್ಟೆಲಿಗೆ ಹೋಗಿ ಮೂರು ವರ್ಷ. ಯಜಮಾನರು ಬರುವುದು ರಾತ್ರಿ ಎಂಟಕ್ಕೆ. ಸುಮ್ನೆ ಅಡುಗೆಮನೆಯಲ್ಲಿ ಓಡಾಡುತ್ತಾ ಕೈ ಡಬ್ಬಕ್ಕೆ ಹೋಗುತ್ತಿತ್ತು. ತೂಕ ಏರಿದ್ದೂ ಆ ಮೂರು ವರ್ಷದಲ್ಲೇ. ಅಲ್ಲಿಂದ ನಮ್ಮ ಮಾತಿನಲ್ಲಿ ತಿಂಡಿ ಕಡಿಮೆಯಾಯಿತು, ಮಗಳು ಜಾಸ್ತಿಯಾದಳು. ಐದೂಕಾಲಿಗೆ ಅವಳಿಗೆ ಫೋನ್, ಆಮೇಲೆ ಪಕ್ಕದ ಮನೆಯವರ ಜೊತೆ ಒಂದು ಸುತ್ತು ವಾಕಿಂಗ್ ಎಂದು ಅವರೇ ನಿಶ್ಚಯ ಮಾಡಿಕೊಂಡರು.

ಇನ್ನೊಂದು ಗಂಟು ಉಳಿದಿತ್ತು. ನೆಂಟರಿಗೆಲ್ಲ ಹರ್ನಿಯಾ ಆಪರೇಷನ್ ಎಂದು ಹೇಳಿದ್ದರು. ಹಾಗಾಗಿ ಮದುವೆಮನೆಯಲ್ಲಿ ಹೋಳಿಗೆ ಬೇಡ ಎನ್ನಲು ಕಾರಣವೇ ಇಲ್ಲ. ತಿಂದ ಎರಡು ಗಂಟೆಗೆ ಬೆವರು, ನಡುಕ, ಕಣ್ಣು ಮಂಜು. ಸಿಹಿ ಬೇಗ ಕರುಳಿಗೆ ಇಳಿದು ಇನ್ಸುಲಿನ್ ಒಮ್ಮೆಲೇ ಏರಿ, ರಕ್ತದ ಸಕ್ಕರೆ ಕುಸಿಯುವುದರಿಂದ ಹೀಗಾಗುತ್ತದೆ. ಅದಕ್ಕೆ ಮತ್ತೆ ಸಿಹಿ ತಿನ್ನುತ್ತಿದ್ದರು, ಮತ್ತೆ ಅದೇ ಕಥೆ. ಇದನ್ನೂ ಡಾಕ್ಟರಿಗೆ ತಿಳಿಸಿ ಎಂದೆ. ಎಲ್ಲರಿಗೂ ಡಂಗುರ ಸಾರಬೇಕಿಲ್ಲ, ಪಕ್ಕದಲ್ಲಿ ಕೂರುವ ಒಬ್ಬರಿಗೆ ಗೊತ್ತಿದ್ದರೆ ಸಾಕು ಎಂದೂ ಹೇಳಿದೆ. ಓರಗಿತ್ತಿಗೆ ಹೇಳಿದರು. ಆಕೆ ಬೈಯುತ್ತಾಳೆ ಎಂದುಕೊಂಡಿದ್ದರು. ಆಕೆ, "ಮೊದಲೇ ಹೇಳಬಾರದಿತ್ತಾ, ಬಡಿಸೋಕೆ ಬಂದಾಗ ನಾನೇ ತಡೀತಿದ್ದೆ" ಎಂದಳಂತೆ.

ಐದು ತಿಂಗಳಾಯಿತು. ತೂಕ 84. ಕೈ ಜುಮ್ಮೆನ್ನುವುದು ಹೆಚ್ಚುಕಡಿಮೆ ನಿಂತಿದೆ. ಉದ್ದ ಗೆರೆ ದಿನಕ್ಕೆ ಎರಡೋ ಮೂರೋ. ಭಾನುವಾರ ಮಾತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಯಜಮಾನರು ಬೆಳಿಗ್ಗೆ ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಾರೆ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.